ಸೋಗಾನೆಯ ವಿಮಾನ, ಮಲೆನಾಡಿನ ಮೋಡ: ಹವಾಮಾನ ಮಾಡೆಲ್‌ಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಮಳೆಗಾಲದಲ್ಲಿ ನಮ್ಮ ಸೋದರತ್ತೆ ಬೆಂಗಳೂರಿನಿಂದ ಶಿವಮೊಗ್ಗಕ್ಕೆ ವಿಮಾನ ಹತ್ತಿದರು. ಊರಿನ ಮೇಲೆ ಬಂದ ವಿಮಾನ ಮೋಡದಲ್ಲೇ ಸುತ್ತು ಹಾಕಿತು. ಕೆಳಗೆ ಏನೂ ಕಾಣಲಿಲ್ಲ. ವಾಪಸ್ ಹೋಗಿ ಬೆಂಗಳೂರಲ್ಲೇ ಇಳಿಯಿತು. ಇತ್ತ ಶಿವಮೊಗ್ಗದ ವಿಮಾನ ನಿಲ್ದಾಣ ಇರುವ ಸೋಗಾನೆಯಲ್ಲಿ ಕಾಯುತ್ತಿದ್ದ ನನ್ನ ಮೊಬೈಲಿನಲ್ಲಿ ಹವಾಮಾನದ ಆಪ್ ಮೋಡದ ಹಿಂದೆ ನಗುವ ಸೂರ್ಯನನ್ನು ತೋರಿಸುತ್ತಿತ್ತು. ರಾತ್ರಿ ರೈಲಿನಲ್ಲಿ ಬಂದ ಅತ್ತೆ ಚಪ್ಪಲಿ ಬಿಡುವ ಮೊದಲೇ ಕೇಳಿದರು: "ಇದು ಅವರಿಗೆ ಮೊದಲೇ ಗೊತ್ತಾಗಲ್ವಾ?"

ಅಂಗಳದಲ್ಲಿ ಮಳೆಮಾಪಕ ಇಟ್ಟುಕೊಂಡು ಹವಾಮಾನದ ಹುಚ್ಚು ಹಚ್ಚಿಕೊಂಡವನು ನಾನು. ಹಾಗಾಗಿ ಇಂಥ ಪ್ರಶ್ನೆಗಳೆಲ್ಲ ನನ್ನ ತಲೆಗೇ ಬರುತ್ತವೆ. ಜಾಸ್ತಿ ಸಲ ಕೇಳಿದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ.

ವಿಮಾನ ಹೊರಡುವ ಮೊದಲು ಇಳಿಯುವ ಊರಿನ ಹವೆ ನೋಡುವುದಿಲ್ಲವಾ?

ನೋಡದೆ ಹೊರಡುವುದೇ ಇಲ್ಲ. ಎರಡು ಕಾಗದ ಮುಖ್ಯ. ಒಂದು ಮೆಟಾರ್. ಈಗ ರನ್‌ವೇ ಹತ್ತಿರ ಹವೆ ಹೇಗಿದೆ ಅನ್ನುವ ವರದಿ ಅದು. ಅರ್ಧ ಗಂಟೆಗೋ ಒಂದು ಗಂಟೆಗೋ ಒಮ್ಮೆ ಬರುತ್ತದೆ. ಇನ್ನೊಂದು ಟಾಫ್. ಮುಂದಿನ ಕೆಲವು ಗಂಟೆಗಳಲ್ಲಿ ನಿಲ್ದಾಣದ ಸುತ್ತ ಏನಾಗಬಹುದು ಅನ್ನುವ ಮುನ್ಸೂಚನೆ.

ತೊಂದರೆ ಇರುವುದು ಸಮಯದಲ್ಲಿ. ಬೆಂಗಳೂರಲ್ಲಿ ಬಾಗಿಲು ಹಾಕಿ ಶಿವಮೊಗ್ಗದ ಮೇಲೆ ಬರುವಷ್ಟರಲ್ಲಿ ಹತ್ತಿರ ಹತ್ತಿರ ಒಂದು ಗಂಟೆ. ಜುಲೈ ತಿಂಗಳಲ್ಲಿ ಇಲ್ಲಿನ ಮೋಡಕ್ಕೆ ಹತ್ತು ನಿಮಿಷ ಸಾಕು. ಹೊಳವಾಯಿತು ಅಂತ ಬಟ್ಟೆ ಹೊರಗೆ ಹಾಕಿದ ಯಾರನ್ನಾದರೂ ಕೇಳಿ.

ಮೆಟಾರ್ ಓದುವುದು ಹೇಗೆ? ಅದರಲ್ಲಿ ಬರೀ ನಂಬರ್ ಇರುತ್ತಲ್ಲ?

ಒಂದು ಉದಾಹರಣೆ ನಾನೇ ಕಟ್ಟಿ ಕೊಡುತ್ತೇನೆ. "27008ಕೆಟಿ 1500 ಬಿಆರ್ ಬಿಕೆಎನ್006 21/21 ಕ್ಯೂ1012" ಅಂತಿದೆ ಅಂದುಕೊಳ್ಳಿ. ಗಾಳಿ 270 ಡಿಗ್ರಿ ಕಡೆಯಿಂದ, ಅಂದರೆ ಪಡುವಣದಿಂದ, 8 ನಾಟ್ ವೇಗದಲ್ಲಿ ಬೀಸುತ್ತಿದೆ. 1500 ಮೀಟರ್‌ವರೆಗೆ ಕಾಣುತ್ತಿದೆ. ಬಿಆರ್ ಅಂದರೆ ತೆಳು ಮಂಜು. ಆಕಾಶದ ಅರ್ಧಕ್ಕಿಂತ ಜಾಸ್ತಿ ಭಾಗ ಮೋಡ ಮುಚ್ಚಿದೆ, ಅದರ ತಳ ನೆಲದಿಂದ ಬರೀ 600 ಅಡಿ ಮೇಲೆ. ಕೊನೆಯದು ಗಾಳಿಯ ಒತ್ತಡ, 1012 ಹೆಕ್ಟೊಪಾಸ್ಕಲ್.

ನಾನು ಮೊದಲು ಕಣ್ಣು ಹಾಕುವುದು 21/21ರ ಮೇಲೆ. ಮೊದಲನೆಯದು ಈಗಿನ ತಾಪಮಾನ. ಎರಡನೆಯದು ಗಾಳಿಯಲ್ಲಿರುವ ತೇವ ಹನಿಯಾಗಲು ಬೇಕಾದ ತಾಪಮಾನ. ಎರಡೂ ಒಂದೇ ಆಯಿತು ಅಂದರೆ ಗಾಳಿ ಹಿಡಿಯುವಷ್ಟು ನೀರು ಹಿಡಿದಾಗಿದೆ. ವಿಸಿಬಿಲಿಟಿ ಸಾವಿರ ಮೀಟರ್‌ಗಿಂತ ಕೆಳಗೆ ಹೋದರೆ ಬಿಆರ್ ಹೋಗಿ ಎಫ್‌ಜಿ ಬರುತ್ತದೆ. ಅದು ದಟ್ಟ ಮಂಜು.

ಇನ್ನೊಂದು ವಿಷಯ. ಮೆಟಾರ್‌ನ ಗಡಿಯಾರ ನಮ್ಮದಲ್ಲ. ಅದಕ್ಕೆ ಐದೂವರೆ ಗಂಟೆ ಕೂಡಿಸಿಕೊಳ್ಳಬೇಕು. ಇದು ಗೊತ್ತಿಲ್ಲದೆ ನಾನು ಒಂದು ವಾರ ಮಧ್ಯಾಹ್ನದ ಹವೆಯನ್ನು ಬೆಳಗಿನದು ಅಂದುಕೊಂಡು ಡೈರಿಯಲ್ಲಿ ಬರೆದಿದ್ದೆ.

ಟಿವಿಯಲ್ಲಿ ಜಿಲ್ಲೆಗೆ ಆರೆಂಜ್ ಅಲರ್ಟ್ ಅಂತ ಹೇಳುತ್ತಾರಲ್ಲ, ಅದು ಪೈಲಟ್‌ಗೆ ಸಾಲದಾ?

ಸಾಲದು. ಮಳೆ ಬರುತ್ತದೋ ಇಲ್ಲವೋ ಅನ್ನುವುದು ವಿಮಾನಕ್ಕೆ ಅಷ್ಟು ದೊಡ್ಡ ವಿಷಯವಲ್ಲ. ಎಷ್ಟು ದೂರ ಕಾಣುತ್ತದೆ, ಮೋಡದ ತಳ ಎಷ್ಟು ಎತ್ತರದಲ್ಲಿದೆ, ಗಾಳಿ ಯಾವ ಕಡೆಯಿಂದ, ಸುತ್ತ ಗುಡುಗಿನ ಮೋಡ ಇದೆಯಾ? ಈ ನಾಲ್ಕು ಬೇಕು. ಮೂರು ಕಿಲೋಮೀಟರ್ ಉದ್ದದ ಒಂದು ರನ್‌ವೇ ಮೇಲೆ, ಇಂಥ ಗಂಟೆಗೆ ಅಂತ ಬೇಕು.

ನಮ್ಮ ಜಿಲ್ಲೆಗೆ ಒಂದೇ ಬಣ್ಣ ಬಳಿಯುವುದೇ ಕಷ್ಟ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಮಳೆ. ಹಕ್ಕಿ ಹಾರುವ ದಾರಿಯಲ್ಲಿ 70 ಕಿಲೋಮೀಟರ್ ಈಚೆ ಇರುವ ಶಿವಮೊಗ್ಗ ಪೇಟೆಯಲ್ಲಿ ಸಾವಿರ ಮುಟ್ಟಿದರೆ ಒಳ್ಳೆಯ ಮಳೆಗಾಲ. ಆಗುಂಬೆಯವರು ಕಂಬಳಿ ಕೊಪ್ಪೆ ಹೊದ್ದು ಕೂತಿದ್ದರೆ ಗಾಂಧಿ ಬಜಾರಿನಲ್ಲಿ ಕೊಡೆ ಮಡಚಿಕೊಂಡು ಓಡಾಡುತ್ತಿರುತ್ತಾರೆ.

ಮಾಡೆಲ್ ಅಂದರೆ ನಿಜವಾಗಿ ಏನು?

ಲೆಕ್ಕ. ಭೂಮಿಯ ಮೇಲಿನ ಗಾಳಿಯನ್ನೆಲ್ಲ ಚೌಕ ಚೌಕವಾಗಿ ಕತ್ತರಿಸಿ, ಒಂದರ ಮೇಲೊಂದು ಪದರವಾಗಿ ಜೋಡಿಸಿ, ಪ್ರತಿ ಚೌಕಕ್ಕೂ ಈಗಿನ ಒತ್ತಡ, ಶಾಖ, ತೇವ, ಗಾಳಿ ತುಂಬುತ್ತಾರೆ. ಆಮೇಲೆ ಭೌತಶಾಸ್ತ್ರದ ಸಮೀಕರಣಗಳನ್ನು ಕೆಲವು ನಿಮಿಷದ ಹೆಜ್ಜೆಯಲ್ಲಿ ಮುಂದಕ್ಕೆ ಓಡಿಸುತ್ತಾರೆ. ಓಡಿಸುವುದು ಸೂಪರ್ ಕಂಪ್ಯೂಟರ್. ಹವಾಮಾನ ಸಂಶೋಧನೆ ಮಾಡುವ ಪುಣೆಯ ಐಐಟಿಎಂ ಸಂಸ್ಥೆಯ 'ಅರ್ಕ', ನೊಯಿಡಾದ ಹವಾಮಾನ ಮುನ್ಸೂಚನಾ ಕೇಂದ್ರದ 'ಅರುಣಿಕಾ' ಎರಡೂ 2024ರ ಸೆಪ್ಟೆಂಬರ್‌ನಲ್ಲಿ ಕೆಲಸಕ್ಕೆ ಬಂದವು.

12 ಕಿಲೋಮೀಟರ್, 6 ಕಿಲೋಮೀಟರ್ ಅಂತಾರಲ್ಲ, ಅದೇನು?

ಆ ಚೌಕದ ಅಗಲ. ಹವಾಮಾನ ಇಲಾಖೆಯ ಜಾಗತಿಕ ಮಾಡೆಲ್ ಬಹಳ ಕಾಲ 12 ಕಿ.ಮೀ. ಆಸುಪಾಸಿನಲ್ಲಿತ್ತು. 2025ರ ಮೇ 26ರಂದು 6 ಕಿ.ಮೀ. ಚೌಕದ 'ಭಾರತ್ ಫೋರ್‌ಕಾಸ್ಟ್ ಸಿಸ್ಟಂ' ಬಂತು. ಅದನ್ನು ಕಟ್ಟಿದ್ದು ಐಐಟಿಎಂ.

ಬಯಲುಸೀಮೆಯಲ್ಲಿ 12 ಕಿ.ಮೀ. ಚೌಕ ಹೇಗೋ ನಡೆಯುತ್ತದೆ. ನಮ್ಮಲ್ಲಿ ನೋಡಿ. ಸೋಮೇಶ್ವರದಿಂದ ಆಗುಂಬೆಗೆ ಘಾಟಿ ಹತ್ತುವಾಗ ಕೆಲವೇ ಕಿಲೋಮೀಟರ್‌ನಲ್ಲಿ ಐನೂರು ಮೀಟರ್‌ಗೂ ಜಾಸ್ತಿ ಮೇಲೇರುತ್ತೀರಿ. ಆ ಹೇರ್‌ಪಿನ್ ತಿರುವುಗಳೆಲ್ಲ ಒಂದೇ ಚೌಕದೊಳಗೆ ಬಂದರೆ ಮಾಡೆಲ್‌ಗೆ ಸಿಗುವುದು ಒಂದೇ ಒಂದು ಸರಾಸರಿ ಎತ್ತರ. ಬಂಡೆಗಳ ಮೇಲೆ ದಪ್ಪ ಕಂಬಳಿ ಹಾಸಿದರೆ ಮೂಲೆಗಳೆಲ್ಲ ಹೇಗೆ ಉರುಟಾಗಿ ಕಾಣುತ್ತವೋ, ಮಾಡೆಲ್‌ನೊಳಗಿನ ಸಹ್ಯಾದ್ರಿ ಹಾಗಿರುತ್ತದೆ. ಕಡಲ ಗಾಳಿ ಗೋಡೆಗೆ ಡಿಕ್ಕಿ ಹೊಡೆದು ಮೇಲೇಳುವ ಬದಲು ಇಳಿಜಾರಿನಲ್ಲಿ ನಿಧಾನವಾಗಿ ಹತ್ತುತ್ತದೆ. ಘಟ್ಟದ ಅಂಚಿನಲ್ಲಿ ಸುರಿಯಬೇಕಾದ ಮಳೆ ಲೆಕ್ಕದಲ್ಲಿ ಎಲ್ಲೆಲ್ಲೋ ಹರಡಿಕೊಳ್ಳುತ್ತದೆ. ಘಟ್ಟದ ಈಚೆ ಎಷ್ಟು ಮೋಡ ಉಳಿಯುತ್ತದೆ ಅನ್ನುವುದೂ ತಪ್ಪುತ್ತದೆ. ಸೋಗಾನೆಗೆ ಬೇಕಾಗಿರುವುದು ಅದೇ.

ಹಾಗಾದರೆ ಚೌಕವನ್ನು ಇನ್ನೂ ಚಿಕ್ಕದು ಮಾಡಿಬಿಡಲಿ. ಏನು ಕಷ್ಟ?

ಲೆಕ್ಕ ಹಾಕಿ. ಅಗಲ ಅರ್ಧ ಮಾಡಿದರೆ ಚೌಕಗಳು ನಾಲ್ಕು ಪಟ್ಟಾಗುತ್ತವೆ. ಸಮಯದ ಹೆಜ್ಜೆಯನ್ನೂ ಅರ್ಧ ಮಾಡಬೇಕು, ಇಲ್ಲದಿದ್ದರೆ ಲೆಕ್ಕ ಹಳಿ ತಪ್ಪುತ್ತದೆ. ಅಲ್ಲಿಗೆ ಕೆಲಸ ಎಂಟು ಪಟ್ಟು. 12ರಿಂದ 1 ಕಿಲೋಮೀಟರ್‌ಗೆ ಇಳಿಯಬೇಕಾದರೆ 1728 ಪಟ್ಟು. ಅದಕ್ಕೇ ಇಡೀ ಜಗತ್ತಿಗೆ ದೊಡ್ಡ ಚೌಕ ಇಟ್ಟುಕೊಂಡು ಬೇಕಾದ ಜಾಗಕ್ಕೆ ಮಾತ್ರ ಸಣ್ಣ ಚೌಕದ ಪ್ರಾದೇಶಿಕ ಮಾಡೆಲ್ ಓಡಿಸುತ್ತಾರೆ. ನಮ್ಮ ದೇಶದಲ್ಲೂ 3-4 ಕಿ.ಮೀ. ಮಾಡೆಲ್‌ಗಳು ಓಡುತ್ತಿವೆ.

ಇಲ್ಲೊಂದು ಮಾತನ್ನು ಪ್ರಚಾರದವರು ಹೇಳುವುದಿಲ್ಲ. 6 ಕಿ.ಮೀ. ಚೌಕ ಅಂದ ಮಾತ್ರಕ್ಕೆ 6 ಕಿ.ಮೀ. ಅಗಲದ ಮೋಡ ಸರಿಯಾಗಿ ಕಾಣುತ್ತದೆ ಅಂತಲ್ಲ. ಒಂದು ಅಲೆಯ ಆಕಾರ ಮೂಡಬೇಕಾದರೆ ಐದಾರು ಚೌಕಗಳಾದರೂ ಬೇಕು. ಅಂದರೆ ಮೂವತ್ತು ಕಿಲೋಮೀಟರ್ ಮೇಲಿನದನ್ನು ಮಾತ್ರ ನಂಬಬಹುದು. ಒಂದು ಕಣಿವೆಯ ಮಂಜು ಅದರ ಬಲೆಯಲ್ಲಿ ಸಿಗುವುದಿಲ್ಲ.

ಏಪ್ರಿಲ್‌ನಲ್ಲಿ ಆಪ್ ಮಧ್ಯಾಹ್ನ ಹನ್ನೆರಡಕ್ಕೇ ಗುಡುಗು ಅನ್ನುತ್ತದೆ. ಮಳೆ ಬರುವುದು ನಾಲ್ಕು ಗಂಟೆಗೆ. ಯಾಕೆ?

ಒಳ್ಳೆಯ ಗಮನ. ಇದು ದೊಡ್ಡ ಚೌಕದ ಮಾಡೆಲ್‌ಗಳ ಹಳೇ ಕಾಯಿಲೆ. ಗುಡುಗಿನ ಮೋಡ ಒಂದು ಚೌಕಕ್ಕಿಂತ ಚಿಕ್ಕದು. ಹಾಗಾಗಿ ಅದನ್ನು ನೇರವಾಗಿ ಕಟ್ಟಲು ಆಗುವುದಿಲ್ಲ, ಒಂದು ಅಂದಾಜಿನ ಸೂತ್ರ ಹಾಕುತ್ತಾರೆ. ನೆಲ ಕಾದ ಕೂಡಲೇ ಆ ಸೂತ್ರ ಮಳೆ ಸುರಿಸಿಬಿಡುತ್ತದೆ. ನಿಜವಾದ ಮೋಡಕ್ಕೆ ತಾಳ್ಮೆ ಜಾಸ್ತಿ. ಅದು ನಿಧಾನವಾಗಿ ಗೋಪುರದ ಹಾಗೆ ಬೆಳೆದು ಸಂಜೆ ಹೊತ್ತಿಗೆ ಒಡೆಯುತ್ತದೆ. 3-4 ಕಿ.ಮೀ. ಚೌಕಕ್ಕೆ ಬಂದರೆ ಸೂತ್ರ ಬಿಟ್ಟು ಮೋಡವನ್ನೇ ಬೆಳೆಸಬಹುದು, ಹೊತ್ತೂ ಸರಿಹೋಗುತ್ತದೆ.

ವಿಮಾನಕ್ಕೆ ಈ ನಾಲ್ಕು ಗಂಟೆಯ ತಪ್ಪು ಸಣ್ಣದಲ್ಲ. ಗುಡುಗಿನ ಮೋಡದಿಂದ ತಣ್ಣನೆ ಗಾಳಿ ಧೊಪ್ಪನೆ ನೆಲಕ್ಕೆ ಬಿದ್ದು ಸುತ್ತಲೂ ಚೆಲ್ಲುತ್ತದೆ. ಇಳಿಯುತ್ತಿರುವ ವಿಮಾನಕ್ಕೆ ಮೊದಲು ಎದುರುಗಾಳಿ, ಮರುಕ್ಷಣ ಹಿಂಗಾಳಿ ಸಿಗುತ್ತದೆ. 1985ರ ಆಗಸ್ಟ್ 2ರಂದು ಅಮೆರಿಕದ ಡಲ್ಲಾಸ್‌ನಲ್ಲಿ ದೊಡ್ಡ ಪ್ರಯಾಣಿಕ ವಿಮಾನವೊಂದು ಹೀಗೇ ಬಿತ್ತು. ಆಮೇಲೆ ಅಲ್ಲಿನ ನಿಲ್ದಾಣಗಳಿಗೆ ಇದನ್ನೇ ಹುಡುಕುವ ರಾಡಾರ್‌ಗಳು ಬಂದವು.

ಚಳಿಗಾಲದ ಮಂಜನ್ನು ಹೇಳುವುದು ಯಾಕೆ ಇಷ್ಟು ಕಷ್ಟ?

ನನಗೆ ತುಂಬ ಇಷ್ಟವಾದ ಪ್ರಶ್ನೆ ಇದು.

ಡಿಸೆಂಬರ್‌ನ ಒಂದು ಬೆಳಿಗ್ಗೆ ತೀರ್ಥಹಳ್ಳಿ ಕಡೆಯಿಂದ ಬೈಕಿನಲ್ಲಿ ಬರುತ್ತಿದ್ದೆ. ಮಂಡಗದ್ದೆಯಲ್ಲಿ ನಕ್ಷತ್ರ ಕಾಣುತ್ತಿತ್ತು. ಸಕ್ರೆಬೈಲು ಹತ್ತಿರ ಬರುವಾಗ ಹೆಡ್‌ಲೈಟ್ ಬೆಳಕು ಬಿಳಿ ಗೋಡೆಗೆ ಬಡಿದು ನಿಂತಿತು. ಕನ್ನಡಕದ ಮೇಲೆ ಹನಿ, ಮೀಸೆಯ ಮೇಲೆ ಹನಿ. ಗಾಜನೂರು ದಾಟಿ ಸ್ವಲ್ಪ ಮುಂದೆ ಬಂದರೆ ಏನೂ ಆಗಿಲ್ಲದ ಹಾಗೆ ಆಕಾಶ ತಿಳಿಯಾಗಿತ್ತು. ಅಷ್ಟು ಹೊತ್ತೂ ನನ್ನ ಆಪ್‌ನಲ್ಲಿ ಎಲ್ಲಾ ಊರಿಗೂ ಒಂದೇ ಚಿತ್ರ.

ರಾತ್ರಿ ಮೋಡ ಇಲ್ಲದಿದ್ದರೆ ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ನೆಲ ತಣ್ಣಗಾಗಿ, ಅದನ್ನು ತಾಕಿದ ಗಾಳಿ ತಣ್ಣಗಾಗಿ, ತೇವ ಹನಿಗಟ್ಟುತ್ತದೆ. ಇಲ್ಲಿಯವರೆಗೆ ಸುಲಭ. ಗಾಳಿ ಪೂರ್ತಿ ನಿಂತಿದ್ದರೆ ಆ ತೇವವೆಲ್ಲ ಹುಲ್ಲಿನ ಮೇಲೆ ಇಬ್ಬನಿಯಾಗಿ ಇಳಿದು, ಮೇಲಿನ ಗಾಳಿ ಒಣಗುತ್ತದೆ. ಮಂಜು ಮೊಣಕಾಲಿನವರೆಗೂ ಬರುವುದಿಲ್ಲ. ಎಲೆ ಅಲುಗುವಷ್ಟು ಗಾಳಿ ಇದ್ದರೆ ತಂಪು ಮೇಲಕ್ಕೂ ಹರಡಿ ದಟ್ಟ ಮಂಜು ಕಟ್ಟುತ್ತದೆ. ಇನ್ನೂ ಸ್ವಲ್ಪ ಜೋರಾದರೆ ಅದೇ ಮಂಜು ಕಿತ್ತುಕೊಂಡು ಮೇಲೆ ಹೋಗಿ ತಗ್ಗು ಮೋಡವಾಗುತ್ತದೆ. ಈ ಮೂರಕ್ಕೂ ನಡುವೆ ಇರುವ ವ್ಯತ್ಯಾಸ ಸೆಕೆಂಡಿಗೆ ಒಂದೆರಡು ಮೀಟರ್ ಗಾಳಿ, ಅರ್ಧ ಒಂದು ಡಿಗ್ರಿ ತಾಪಮಾನ.

ಮಾಡೆಲ್‌ಗೆ ಇದನ್ನೆಲ್ಲ ಹೇಳಲು ಗದ್ದೆಯಲ್ಲಿ ನೀರಿದೆಯಾ, ಕೊಯ್ಲಾಗಿ ಒಣಗಿದೆಯಾ ಗೊತ್ತಿರಬೇಕು. ತೋಟದ ಬೆಂಕಿಯ ಹೊಗೆ ಎಷ್ಟಿದೆ ಗೊತ್ತಿರಬೇಕು, ಯಾಕೆಂದರೆ ಹನಿ ಕೂರುವುದು ಹೊಗೆಯ ಕಣದ ಮೇಲೆ. ನೆಲದಿಂದ ಮೊದಲ ಕೆಲವು ಮೀಟರ್‌ಗಳಲ್ಲೇ ಪದರಗಳು ಬೇಕು. ಎಷ್ಟೋ ಮಾಡೆಲ್‌ಗಳ ಅತಿ ಕೆಳಗಿನ ಪದರವೇ ನಮ್ಮ ಮನೆ ಮಾಡಿನಿಂದ ಮೇಲಿರುತ್ತದೆ. ಮಂಜು ಹುಟ್ಟುವುದು ಹೊಸ್ತಿಲಲ್ಲಿ.

ದೆಹಲಿಯಲ್ಲಿ ಈ ಕೆಲಸ ಚೆನ್ನಾಗಿ ನಡೆದಿದೆ. 2015ರ ಚಳಿಗಾಲದಿಂದ ಅಲ್ಲಿನ ವಿಮಾನ ನಿಲ್ದಾಣದಲ್ಲೇ ಉಪಕರಣ ನೆಟ್ಟು, ವೈಫೆಕ್ಸ್ ಅನ್ನುವ ಹೆಸರಿನಲ್ಲಿ ಮಂಜನ್ನು ಅಳೆಯುತ್ತಿದ್ದಾರೆ. ದೆಹಲಿಗೆ ಅಂತಲೇ 330 ಮೀಟರ್ ಚೌಕದ ಮಾಡೆಲ್ ಕೂಡ ಮಾಡಿದರು. ಆದರೆ ಅದನ್ನು ಎತ್ತಿ ತಂದು ಇಲ್ಲಿಟ್ಟರೆ ಕೆಲಸ ಆಗುವುದಿಲ್ಲ ಅಂತ ನನ್ನ ಅಭಿಪ್ರಾಯ. ಅಲ್ಲಿಯದು ಗಂಗಾ ಬಯಲಿನ ಉದ್ದಕ್ಕೂ ಹಾಸಿಕೊಂಡು ದಿನಗಟ್ಟಲೆ ಕೂರುವ ಮಂಜು. ನಮ್ಮದು ಹೊಳೆ, ಡ್ಯಾಂ, ಕಣಿವೆ ಹಿಡಿದು ತುಂಡು ತುಂಡಾಗಿ ಕೂತು, ಬಿಸಿಲೇರುತ್ತಲೇ ಜಾಗ ಖಾಲಿ ಮಾಡುವ ಮಂಜು.

ಆಗುಂಬೆಯಲ್ಲಿ ಮಳೆಗಾಲದಲ್ಲೂ ಮಂಜು ಇರುತ್ತಲ್ಲ?

ಅದು ಮೋಡ. ಬೆಟ್ಟ ಎತ್ತರಕ್ಕೆ ಹೋಗಿ ಮೋಡಕ್ಕೆ ತಲೆ ಕೊಟ್ಟಿದೆ ಅಷ್ಟೇ.

ಮಾಡೆಲ್‌ಗೆ ಈಗಿನ ಸ್ಥಿತಿ ತುಂಬುತ್ತಾರೆ ಅಂದಿರಿ. ಆ ಮಾಹಿತಿ ಎಲ್ಲಿಂದ?

ನನ್ನ ಪ್ರಕಾರ ಮಲೆನಾಡಿನ ಮಟ್ಟಿಗೆ ಇಡೀ ವಿಷಯದ ಬೇರು ಇಲ್ಲಿದೆ.

ಬಲೂನ್ ತೆಗೆದುಕೊಳ್ಳಿ. ಜಗತ್ತಿನಾದ್ಯಂತ ದಿನಕ್ಕೆ ಎರಡು ಹೊತ್ತು, ನಮ್ಮ ಲೆಕ್ಕದಲ್ಲಿ ಬೆಳಿಗ್ಗೆ ಐದೂವರೆ ಮತ್ತು ಸಂಜೆ ಐದೂವರೆ ಸುಮಾರಿಗೆ, ಉಪಕರಣ ಕಟ್ಟಿ ಬಲೂನ್ ಬಿಡುತ್ತಾರೆ. ಮೂವತ್ತು ಕಿಲೋಮೀಟರ್ ಎತ್ತರದವರೆಗೂ ಹೋಗುತ್ತದೆ. ನಮ್ಮ ಕಡೆಗೆ ಹತ್ತಿರದವು ಮಂಗಳೂರು, ಬೆಂಗಳೂರು, ಗೋವಾ. ಒಂದು ಕಡಲ ತಡಿ, ಒಂದು ಬಯಲು, ಇನ್ನೊಂದು ಮತ್ತೆ ಕಡಲು. ನಡುವೆ ಘಟ್ಟ. ಮಂಜು ಬೀಳುವ ಬೆಳಿಗ್ಗೆ ಐದೂವರೆಯ ಬಲೂನಿನ ಲೆಕ್ಕ ಮಾಡೆಲ್ ಹೊಟ್ಟೆಗೆ ಹೋಗಿ ಉತ್ತರ ಬರುವಷ್ಟರಲ್ಲಿ ಮಂಜು ಕರಗಿ, ಜನ ಎರಡನೇ ಕಾಫಿ ಕುಡಿಯುತ್ತಿರುತ್ತಾರೆ.

ರಾಡಾರ್ ಕಥೆ ಇನ್ನೂ ಮಜಾ. ಗೋವಾದ ರಾಡಾರ್ ಶಿವಮೊಗ್ಗದಿಂದ 250 ಕಿಲೋಮೀಟರ್ ದೂರ. ರಾಡಾರ್ ಕಿರಣ ಸ್ವಲ್ಪ ಮೇಲ್ಮುಖವಾಗಿ ಹೊರಡುತ್ತದೆ, ಭೂಮಿ ಕೆಳಕ್ಕೆ ಬಾಗುತ್ತದೆ. ಅರ್ಧ ಡಿಗ್ರಿ ಎತ್ತಿ ಬಿಟ್ಟರೂ ಅಷ್ಟು ದೂರಕ್ಕೆ ಬರುವಾಗ ಆ ಕಿರಣ ನೆಲದಿಂದ ಸುಮಾರು 6 ಕಿಲೋಮೀಟರ್ ಮೇಲೆ ಇರುತ್ತದೆ. ಏಪ್ರಿಲ್‌ನ ಗುಡುಗಿನ ಮೋಡದ ಹೊಟ್ಟೆ ಅಲ್ಲಿ ಸಿಗಬಹುದು. ಮಳೆಗಾಲದ ತಗ್ಗು ಮೋಡ ಕಿರಣದ ಕಾಲ ಕೆಳಗೇ ನುಸುಳಿ ಹೋಗುತ್ತದೆ. ಹತ್ತಿರದ ರಾಡಾರ್ ಆದರೂ ಘಟ್ಟ ಅಡ್ಡ ಬಂದರೆ ಅದರಾಚೆ ಕುರುಡು.

ಉಪಗ್ರಹ? ಇನ್ಸಾಟ್ ಸಾಲಿನ 3ಡಿಎಸ್ 2024ರ ಫೆಬ್ರವರಿಯಲ್ಲಿ ಹಾರಿತು. ಮೇಲಿಂದ ನೋಡುವುದರಿಂದ ಮೋಡದ ನೆತ್ತಿ ಚೆನ್ನಾಗಿ ಕಾಣುತ್ತದೆ. ಪೈಲಟ್‌ಗೆ ಬೇಕಾದದ್ದು ಮೋಡದ ತಳ.

ಹಾಗಾಗಿ ದೊಡ್ಡ ಕಂಪ್ಯೂಟರ್ ಬಂತು ಅಂತ ಓದಿದಾಗೆಲ್ಲ ನನಗೆ ಖುಷಿ ಆಗುತ್ತದೆ, ಆದರೆ ಅರ್ಧ ಖುಷಿ. ಉಳಿದರ್ಧ ಘಟ್ಟದ ಮೇಲೆ ನಾಲ್ಕಾರು ಕಡೆ ಮೋಡದ ತಳ ಅಳೆಯುವ ಲೇಸರ್ ಉಪಕರಣ ನಿಂತರೆ ಬರುತ್ತದೆ. ರನ್‌ವೇ ವಿಸಿಬಿಲಿಟಿ ಅಳೆಯುವ ಯಂತ್ರವನ್ನು ಈಗ ಹೊರಗಿನಿಂದ ತರಬೇಕಾಗಿಯೂ ಇಲ್ಲ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ 'ದೃಷ್ಟಿ' ಅಂತ ಮಾಡಿದೆ, ದೇಶದ ಹಲವು ನಿಲ್ದಾಣಗಳಲ್ಲಿ ಅದು ಇದೆ. ಒಂದು ಕಡೆಯಿಂದ ಬೆಳಕು ಬಿಟ್ಟು, ಆ ಕಡೆ ಎಷ್ಟು ತಲುಪಿತು ನೋಡಿ, ನಡುವಿನ ಮಂಜು ಎಷ್ಟು ನುಂಗಿತು ಅಂತ ಲೆಕ್ಕ ಹಾಕುತ್ತದೆ.

ವಿಮಾನಗಳೇ ಹವೆ ಅಳೆಯುತ್ತವೆ ಅಂತ ಕೇಳಿದ್ದೆ. ನಿಜವಾ?

ನಿಜ. ಗಾಳಿ, ತಾಪಮಾನ ಅಳೆಯುವ ಸಾಧನ ವಿಮಾನದಲ್ಲಿ ಹೇಗೂ ಇದೆ. ಅದನ್ನು ತಾನಾಗಿ ಕೆಳಗೆ ಕಳಿಸುವ ವ್ಯವಸ್ಥೆಗೆ ಅಮ್ಡಾರ್ ಅಂತ ಹೆಸರು. ಏರುವಾಗ, ಇಳಿಯುವಾಗ ಸಿಗುವ ಲೆಕ್ಕ ಬಲೂನಿನಷ್ಟೇ ಬೆಲೆಬಾಳುತ್ತದೆ. 2020ರಲ್ಲಿ ಕೊರೊನಾ ಬಂದು ವಿಮಾನಗಳು ನಿಂತಾಗ ಮುನ್ಸೂಚನಾ ಕೇಂದ್ರಗಳಿಗೆ ಈ ಮಾಹಿತಿ ಒಮ್ಮೆಲೇ ಕುಸಿಯಿತು. ಸಣ್ಣ ನಿಲ್ದಾಣಗಳ ಫಜೀತಿ ಅಂದರೆ ದಿನಕ್ಕೆ ಬರುವುದೇ ಬೆರಳೆಣಿಕೆಯ ವಿಮಾನ. ಮಂಜಿರುವ ಬೆಳಿಗ್ಗೆ ಅವೂ ಬರುವುದಿಲ್ಲ.

ಎಐ ಬಂದಿದೆಯಲ್ಲ, ಇನ್ನು ಇದೆಲ್ಲ ಯಾಕೆ?

ಎಐ ಮಾಡೆಲ್‌ಗಳು ನಿಜಕ್ಕೂ ಚೆನ್ನಾಗಿವೆ. ಗೂಗಲ್ ಡೀಪ್‌ಮೈಂಡ್‌ನ ಗ್ರಾಫ್‌ಕಾಸ್ಟ್ 2023ರಲ್ಲಿ ಬಂತು. ಯುರೋಪಿನ ಮುನ್ಸೂಚನಾ ಕೇಂದ್ರ 2025ರ ಫೆಬ್ರವರಿಯಲ್ಲಿ ತನ್ನ ಎಐ ಮಾಡೆಲ್ ಅನ್ನು ದಿನನಿತ್ಯದ ಕೆಲಸಕ್ಕೇ ಹಚ್ಚಿತು. ಗಂಟೆಗಟ್ಟಲೆ ಓಡುವ ಲೆಕ್ಕವನ್ನು ಇವು ನಿಮಿಷಗಳಲ್ಲಿ ಮುಗಿಸುತ್ತವೆ. ಆದರೆ ಇವು ಪಾಠ ಕಲಿತದ್ದು ಹಳೆಯ ಹವೆಯ ದಾಖಲೆಯಿಂದ, ಅದರ ಚೌಕ ಸುಮಾರು 30 ಕಿ.ಮೀ. ಅಗಲ. ವಾಯುಭಾರ ಕುಸಿತ ಎಲ್ಲಿಗೆ ಹೋಗುತ್ತದೆ ಅಂತ ಕೇಳಿ, ಜಾಣ ಉತ್ತರ ಕೊಡುತ್ತದೆ. ಸೋಗಾನೆಯಲ್ಲಿ ಬೆಳಿಗ್ಗೆ ಏಳೂವರೆಗೆ ಮೋಡದ ತಳ ಎಷ್ಟು ಅಂತ ಕೇಳಿದರೆ ಪಠ್ಯದಲ್ಲೇ ಇಲ್ಲದ ಪ್ರಶ್ನೆ.

ಎಐಯಿಂದ ಇಲ್ಲಿ ಬೇಗ ಫಲ ಸಿಗುವುದು ಬೇರೆ ಕಡೆ. ದೊಡ್ಡ ಮಾಡೆಲ್ ಹೇಳಿದ್ದನ್ನೂ ನಿಲ್ದಾಣದಲ್ಲಿ ಅಳೆದದ್ದನ್ನೂ ವರ್ಷಗಟ್ಟಲೆ ಪಕ್ಕಪಕ್ಕ ಇಟ್ಟು, ಈ ಮಾಡೆಲ್ ಇಲ್ಲಿ ಯಾವಾಗ ಎಷ್ಟು ತಪ್ಪುತ್ತದೆ ಅಂತ ಕಲಿಸುವುದು. ಅದಕ್ಕೆ ಹಳೆಯ ಅಳತೆ ಬೇಕು. ಸೋಗಾನೆಯಿಂದ ಪ್ರಯಾಣಿಕರ ವಿಮಾನ ಶುರುವಾಗಿದ್ದೇ 2023ರ ಆಗಸ್ಟ್ 31ಕ್ಕೆ.

"ಮಂಜು ಬೀಳುವ ಸಾಧ್ಯತೆ ಶೇ. 30" ಅಂದರೆ ಏನು ಮಾಡಬೇಕು? ಹೌದೋ ಅಲ್ಲವೋ ಹೇಳಬಾರದಾ?

ಅಲ್ಲ ಮಾರಾಯ್ರೆ, ಹೌದು-ಅಲ್ಲ ಅಂದರೆ ಮೋಸ. ಒಂದೇ ಮಾಡೆಲ್ ಅನ್ನು ಆರಂಭದ ಲೆಕ್ಕ ಚೂರು ಚೂರು ಬದಲಿಸಿ ಇಪ್ಪತ್ತು ಸಲ ಓಡಿಸುತ್ತಾರೆ. ಆರು ಸಲ ಮಂಜು ಬಂದರೆ ಶೇ. 30.

ಅಡಿಕೆ ಬೆಳೆಗಾರರಿಗೆ ಇದು ಹೊಸದಲ್ಲ. ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಬೇಕು, ಒಂದು ದಿನ ಹೊಳವು ಬೇಕು. ಮೈಲುತುತ್ತ ಕರಗಿಸಿ ಆಗಿದೆ, ಮರ ಹತ್ತುವ ಕೊನೆಗಾರ ಬಂದು ನಿಂತಿದ್ದಾನೆ, ಮಳೆ ಸಾಧ್ಯತೆ ಶೇ. 30. ಹೊಡೆಸುತ್ತೀರಾ? ಕೊನೆಗಾರ ಮತ್ತೆ ಸಿಗುವುದು ಹದಿನೈದು ದಿನ ಬಿಟ್ಟು ಅಂದರೆ ಹೊಡೆಸುತ್ತೀರಿ. ನಾಳೆಯೂ ಬರುತ್ತಾನೆ ಅಂದರೆ ಕಾಯುತ್ತೀರಿ. ವಿಮಾನದವರ ಲೆಕ್ಕವೂ ಇದೇ. ಹೆಚ್ಚಿಗೆ ಇಂಧನ ತುಂಬಿಸುವ ಖರ್ಚು ಹತ್ತು, ವಾಪಸ್ ಹೋಗಬೇಕಾದರೆ ನಷ್ಟ ನೂರು ಅಂತಿಟ್ಟುಕೊಳ್ಳಿ. ಆಗ ಶೇ. 10 ದಾಟಿದ ಕೂಡಲೇ ತುಂಬಿಸುವುದೇ ಲಾಭ. ಬರೀ "ಮಂಜು ಇಲ್ಲ" ಅಂದಿದ್ದರೆ ಈ ಲೆಕ್ಕ ಹಾಕಲು ದಾರಿಯೇ ಇರುತ್ತಿರಲಿಲ್ಲ.

ಮುನ್ಸೂಚನೆ ಸರಿಯಾದರೆ ವಿಮಾನ ರದ್ದಾಗುವುದು ನಿಲ್ಲುತ್ತದಾ?

ಇಲ್ಲ. ಮಂಜು ಬರುತ್ತದೆ ಅಂತ ಗೊತ್ತಾದರೆ ಮಂಜು ಹೋಗುವುದಿಲ್ಲವಲ್ಲ. ಎಷ್ಟು ಕಾಣದಿದ್ದರೂ ಇಳಿಯಬಹುದು ಅನ್ನುವುದನ್ನು ರನ್‌ವೇಯ ಉಪಕರಣ ತೀರ್ಮಾನಿಸುತ್ತದೆ. ಐಎಲ್‌ಎಸ್ ಅನ್ನುವ ದಾರಿ ತೋರುವ ವ್ಯವಸ್ಥೆಯ ಮೊದಲ ದರ್ಜೆ ಇದ್ದರೆ 200 ಅಡಿಯವರೆಗೆ ಇಳಿದು ನೋಡಬಹುದು, ರನ್‌ವೇ ಮೇಲೆ 550 ಮೀಟರ್ ಕಂಡರೆ ಸಾಕು. ಬರೀ ಕಣ್ಣನ್ನೇ ನಂಬಿ ಇಳಿಯಬೇಕಾದರೆ 5 ಕಿಲೋಮೀಟರ್ ಕಾಣಬೇಕು.

ಮುನ್ಸೂಚನೆಯಿಂದ ಸಿಗುವ ಲಾಭ ಬೇರೆ. ಏಳು ಗಂಟೆಯ ವಿಮಾನವನ್ನು ಹಿಂದಿನ ರಾತ್ರಿಯೇ ಒಂಬತ್ತಕ್ಕೆ ಸರಿಸಬಹುದು. ಅತ್ತೆ ಆಕಾಶದಲ್ಲಿ ಸುತ್ತುವ ಬದಲು ಮನೆಯಲ್ಲಿ ತಿಂಡಿ ಮುಗಿಸಿ ಹೊರಡಬಹುದು.

ಮಳೆಗಾಲದಲ್ಲಿ ವಿಮಾನ ಅಷ್ಟು ಅಲುಗಾಡುವುದು ಯಾಕೆ?

ಮುಂಗಾರಿನ ಪಡುವಣ ಗಾಳಿ ಅತಿ ಜೋರಾಗಿರುವುದು ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ. ಘಟ್ಟ ಹತ್ತಿಳಿದು ಕದಡಿಹೋದ ಆ ಗಾಳಿಯಲ್ಲೇ ವಿಮಾನ ಇಳಿಯಬೇಕು. ಬೆಲ್ಟ್ ಹಾಕಿಕೊಂಡು ಕೂತರೆ ಭಯ ಪಡುವಂಥದ್ದಲ್ಲ.

ನಕ್ಷತ್ರದ ಮಳೆ ಲೆಕ್ಕ ವಿಮಾನಕ್ಕೆ ಉಪಯೋಗ ಆಗುತ್ತದಾ?

"ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ" ಅನ್ನುವುದು ತಲೆತಲಾಂತರದ ಸರಾಸರಿ. ಒಂದೊಂದು ಮಳೆ ಹದಿಮೂರು ಹದಿನಾಲ್ಕು ದಿನ. ಬಿತ್ತನೆಗೆ ಸಾಕು. ರನ್‌ವೇಗೆ ಸಾಲದು. ಹೊಸ ಮಾಡೆಲ್ ಒಳ್ಳೆಯದೋ ಅಲ್ಲವೋ ನೋಡಲು ಮಾತ್ರ ಇಂಥ ಸರಾಸರಿ ಬೇಕು. ನಮ್ಮಜ್ಜನ ಲೆಕ್ಕವನ್ನೂ ಮೀರಿಸದ ಮಾಡೆಲ್‌ಗೆ ಕರೆಂಟ್ ಸುಡುವುದು ದಂಡ.

ನಾವು ಊರಿನವರು ಏನಾದರೂ ಮಾಡಬಹುದಾ?

ಅಳೆಯಬಹುದು. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ತಾನಾಗಿ ವರದಿ ಕಳಿಸುವ ಮಳೆಮಾಪಕ ಇಟ್ಟಿದೆ, ರಾಜ್ಯದಾದ್ಯಂತ 6 ಸಾವಿರಕ್ಕೂ ಜಾಸ್ತಿ. ಪಂಚಾಯಿತಿ ಹಿತ್ತಲಿನಲ್ಲಿ ಅದರ ಮೇಲೆ ಬಳ್ಳಿ ಹಬ್ಬಿದ್ದರೆ, ಮರದ ಕೊಂಬೆ ಅಡ್ಡ ಬಂದಿದ್ದರೆ ಒಂದು ಮಾತು ಹೇಳಿ. ಮರದಡಿಯ ಮಳೆಮಾಪಕ ಸುಳ್ಳು ಹೇಳುತ್ತದೆ, ಮಾಡೆಲ್ ಅದನ್ನು ನಂಬುತ್ತದೆ.

ನಾಳೆ ಬೆಳಿಗ್ಗೆ ವಿಮಾನ ಇದೆ. ರಾತ್ರಿ ಏನು ನೋಡಿಕೊಳ್ಳಲಿ?

ಚಳಿಗಾಲವಾದರೆ ಮಲಗುವ ಮುಂಚೆ ಅಂಗಳಕ್ಕೆ ಬನ್ನಿ. ಆಕಾಶ ತಿಳಿಯಾಗಿದೆಯಾ? ಅಡಿಕೆ ಸೋಗೆ ಅಲುಗುತ್ತಿದೆಯಾ? ಬೈಕ್ ಸೀಟು ಈಗಲೇ ಒದ್ದೆಯಾಗಿದೆಯಾ? ಆಮೇಲೆ ಮೆಟಾರ್ ತೆಗೆದು ಎರಡು ತಾಪಮಾನಗಳ ಅಂತರ ನೋಡಿ. ರಾತ್ರಿ ಹತ್ತಕ್ಕೇ ಅದು ಒಂದೆರಡು ಡಿಗ್ರಿಗೆ ಬಂದಿದ್ದರೆ ಬೆಳಗಿನ ವಿಮಾನ ತಡವಾಗಬಹುದು ಅಂತ ಬೆಂಗಳೂರಿನಲ್ಲಿ ಕಾಯುವವರಿಗೆ ಹೇಳಿಡಿ.

ಮಳೆಗಾಲವಾದರೆ ರೈಲಿನ ಟೈಮನ್ನೂ ಒಮ್ಮೆ ನೋಡಿಟ್ಟುಕೊಳ್ಳಿ. ನಮ್ಮತ್ತೆ ಈಗ ಹಾಗೇ ಮಾಡುತ್ತಾರೆ.